ಅಂಟಕ್ಕ ಓದದೆ ಬಿಟ್ಟ ಪುಟಗಳು

ಮೂವತ್ತೆಂಟು ವರ್ಷ ಪುಸ್ತಕ ಹೊಲಿದ ಹೆಂಗಸು ಒಂದೇ ಒಂದು ಪುಸ್ತಕವನ್ನೂ ಓದಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ತಪ್ಪಿಲ್ಲ. ಹಾಗಂತ ಅವಳಿಗೆ ಓದು ಬರದು ಅಂದುಕೊಳ್ಳಬೇಡಿ. ಬಸ್ಸಿನ ಬೋರ್ಡು, ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರ, ಕರೆಂಟು ಬಿಲ್ಲಿನ ಹಿಂಬದಿ, ಎಲ್ಲವನ್ನೂ ಓದುತ್ತಾಳೆ. ಪುಸ್ತಕವನ್ನು ಮಾತ್ರ ಇಲ್ಲ. ಪ್ರೆಸ್ಸಿಗೆ ಸೇರಿದ ಮೊದಲ ವಾರ, ಮಡಿಸಬೇಕಾದ ಹಾಳೆಯೊಂದನ್ನು ಹಿಡಿದು ಎರಡು ಸಾಲು ಓದುತ್ತ ನಿಂತಿದ್ದಾಗ ಹಳೆಯ ಬೈಂಡರೊಬ್ಬರು ತಲೆಗೆ ಮೊಟಕಿದ್ದರು. "ಓದ್ತಾ ನಿಂತ್ರೆ ಹೊಲಿಯೋರ್ಯಾರು, ನಿಮ್ಮಪ್ಪನಾ? ಪುಟದ ನಂಬರ್ ನೋಡು, ಮುಚ್ಚು." ಅವತ್ತು ಮುಚ್ಚಿದ್ದು ಮುಚ್ಚಿದ್ದೇ. ಆಮೇಲೆ ಲಕ್ಷಗಟ್ಟಲೆ ಪುಟಗಳು ಅವಳ ಕೈಯಿಂದ ಹಾದುಹೋದವು, ಒಂದರ ಹೊಟ್ಟೆಯೊಳಗೆ ಏನಿದೆ ಎಂದೂ ಅವಳು ವಿಚಾರಿಸಲಿಲ್ಲ.

ಬೆರಳ ಸಂದಿಯಲ್ಲಿ ಸದಾ ಹಿಟ್ಟಿನ ಅಂಟು ಒಣಗಿರುತ್ತಿತ್ತು. ಅದಕ್ಕೇ ಪ್ರೆಸ್ಸಿನವರು ಅವಳಿಗೆ ಅಂಟಕ್ಕ ಎಂದು ಹೆಸರಿಟ್ಟರು. ಗಂಡ ತೀರಿಕೊಂಡ ವರ್ಷವೂ ಅವಳು ರಜೆ ಹಾಕಿದ್ದು ಹದಿನೈದೇ ದಿನ. ಒಬ್ಬಳೇ ಮಗಳು ಈಗ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಸಂಜೆ ಆರಕ್ಕೆ ಫೋನು ಮಾಡಿ "ಏನಮ್ಮ ವಿಶೇಷ?" ಎನ್ನುತ್ತಾಳೆ, ಇವಳು "ಏನಿಲ್ಲ ಕಣೇ" ಎನ್ನುತ್ತಾಳೆ. ಅಲ್ಲಿಗೆ ಆ ವಾರದ ಮಾತುಕತೆ ಮುಗಿಯಿತು.

ಹೋದ ವರ್ಷ ಪ್ರೆಸ್ಸು ಮುಚ್ಚಿತು. ಯಂತ್ರಗಳನ್ನು ಲಾರಿ ಬಂದು ಹೊತ್ತೊಯ್ದಿತು. ಹೊಲಿಗೆಯ ಉದ್ದ ಮೇಜನ್ನು ಯಾರೂ ಕೇಳಲಿಲ್ಲವಾದ್ದರಿಂದ ಅಂಟಕ್ಕ ಅದನ್ನು ತನ್ನ ಮನೆಗೆ ಸಾಗಿಸಿಕೊಂಡಳು. ಮುಂದಿನ ಕೋಣೆಯಲ್ಲಿ ಮೇಜು ಹಿಡಿಸಿದ ಮೇಲೆ ಮನುಷ್ಯರು ಗೋಡೆಗೆ ಬೆನ್ನು ಉಜ್ಜಿಕೊಂಡೇ ಓಡಾಡಬೇಕು. ಆ ಮೇಜಿನ ಸುತ್ತ ಭಾನುವಾರ ಮೂರು ಗಂಟೆಗೆ ಹಳೆಯ ಜೊತೆಗಾರರು ಸೇರುವುದು ರೂಢಿಯಾಯಿತು. ಮೊದಲು ಒಂಬತ್ತು ಮಂದಿ ಬರುತ್ತಿದ್ದರು. ಆಮೇಲೆ ಆರಾದರು. ಕೊನೆಗೆ ಉಳಿದವರು ಅವಳೂ ಸೇರಿ ನಾಲ್ವರು.

ಒಬ್ಬರು ಪ್ರೂಫ್ ನೋಡುತ್ತಿದ್ದ ಮೇಷ್ಟ್ರು. ಪಾಠ ಹೇಳಿದವರಲ್ಲ, ಕಂಡವರನ್ನೆಲ್ಲ ತಿದ್ದುತ್ತಿದ್ದುದರಿಂದ ಬಂದ ಬಿರುದು ಅದು. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡದೆ ಓದುವ ಆಸಾಮಿ, ಕಿವಿಯ ಮೇಲೆ ಪೆನ್ಸಿಲು ಇಲ್ಲದೆ ಮನೆಯಿಂದ ಹೊರಬೀಳುವುದಿಲ್ಲ. ಇನ್ನೊಬ್ಬರು ಅಚ್ಚಿನ ಯಂತ್ರ ನಡೆಸುತ್ತಿದ್ದವರು, ಎಲ್ಲರಿಗೂ ಮಿಷನ್ ಮಾವ. ಯಂತ್ರದ ಗದ್ದಲದಲ್ಲಿ ಮೂವತ್ತು ವರ್ಷ ಕೂಗಿ ಕೂಗಿ, ಈಗ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ. ಮತ್ತೊಬ್ಬ ಪುಸ್ತಕದ ಕಟ್ಟುಗಳನ್ನು ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಹಂಚುತ್ತಿದ್ದ ಡ್ರೈವರ್, ನಾಲ್ವರಲ್ಲಿ ಕಿರಿಯ.

ಆದರೆ ಎಷ್ಟು ವಾರ ಅದದೇ ಮಾತು ಅಗಿಯುವುದು? ಪ್ರೆಸ್ಸಿನ ಯಜಮಾನರು ಹೀಗೆ ಮಾಡಬಾರದಿತ್ತು, ಹಾಗೆ ಮಾಡಬೇಕಿತ್ತು. ಮಾತು ತಿರುಗಿ ತಿರುಗಿ ಜಗಳಕ್ಕೆ ಬರುತ್ತಿತ್ತು. ಮಿಷನ್ ಮಾವ ಎರಡು ವಾರ ತಪ್ಪಿಸಿದರು. ಡ್ರೈವರ್ ಬಂದು ಕೂತವನೇ ಕೈಗಡಿಯಾರ ನೋಡತೊಡಗಿದ. ಅಂಟಕ್ಕನಿಗೆ ಇದು ಗೊತ್ತಾಗದೆ ಇರುತ್ತದೆಯೇ? ವಾರವಿಡೀ ಆ ಕೋಣೆಯಲ್ಲಿ ಅವಳ ದನಿ ಕೇಳುವುದು ಗೋಡೆಗೇ. ಈ ಒಂದು ಮಧ್ಯಾಹ್ನವೂ ಕೈಬಿಟ್ಟರೆ ತಾನು ಮೂಕಿಯಾಗಿಬಿಡುತ್ತೇನೆ ಎಂದು ಅವಳಿಗೆ ನಿಜಕ್ಕೂ ದಿಗಿಲಿತ್ತು.

ಅಂಥ ಹೊತ್ತಿನಲ್ಲಿ ಮೇಷ್ಟ್ರು ಒಂದು ದೊಡ್ಡ ಪೆಟ್ಟಿಗೆ ಹೊತ್ತು ಬಂದರು.

"ನನ್ನ ಅಳಿಯ, ಅವನ ಸ್ನೇಹಿತರು ಸೇರಿ ಮಾಡಿರೋ ಆಟ. ಐವತ್ತೇ ಪ್ರತಿ ಮಾಡಿದಾರೆ. ಆಡಿ ನೋಡಿ ಹೇಳಿ ಅಂತ ಒಂದು ಕೊಟ್ಟ."

"ಈ ವಯಸ್ಸಲ್ಲಿ ಹಾವು ಏಣಿನಾ?" ಎಂದರು ಮಿಷನ್ ಮಾವ. ಎದುರು ಮನೆಯವರು ಕಿಟಕಿಯಿಂದ ಇಣುಕಿದರು.

ಹಾವು ಏಣಿ ಅಲ್ಲ. ಬಿಚ್ಚಿದರೆ ಮೇಜಿನ ಅರ್ಧ ತುಂಬುವ ನದಿಯ ಪಟ. ಒಂದು ಪುಟ್ಟ ಮರದ ದೋಣಿ, ದಾಳಗಳು, ಪಟದ ಮೇಲೆ ಅಂಟಿಸಲು ಸ್ಟಿಕ್ಕರುಗಳು, ಒಂದು ಕಥೆಪುಸ್ತಕ. ಟಪಾಲು ಹೊತ್ತ ಕೊನೆಯ ದೋಣಿ ನದಿಯ ಮೇಲ್ದಂಡೆಗೆ ಹೊರಟಿದೆ, ಹನ್ನೊಂದು ಊರಿಗೆ ಹನ್ನೊಂದು ಕಾಗದ ಮುಟ್ಟಿಸಬೇಕು. ಆಡುವವರು ದೋಣಿಯ ಮೇಲಿನ ನಾಲ್ವರು. ಪುಸ್ತಕದಲ್ಲಿರುವ ಕಥೆಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಎಲ್ಲರೂ ಮಾತಾಡಿಕೊಂಡು ಎತ್ತ ಹೋಗುವುದೆಂದು ತೀರ್ಮಾನ ಮಾಡಬೇಕು. ಒಂದು ಸಲಕ್ಕೆ ಒಂದು ಊರು.

"ಅಂದ್ರೆ ಹನ್ನೊಂದು ಭಾನುವಾರ," ಎಂದರು ಮೇಷ್ಟ್ರು, ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡುತ್ತ. "ಮಧ್ಯದಲ್ಲಿ ಒಬ್ರು ಕೈಕೊಟ್ರೂ ಕಥೆ ಕೆಡುತ್ತೆ. ಒಪ್ಪಿದ್ರೆ ನಾಲ್ಕೂ ಜನ ಒಪ್ಪಿ. ಇಲ್ಲ ಅಂದ್ರೆ ಈ ಭಾನುವಾರದ ಸಹವಾಸನೇ ಬೇಡ, ಇವತ್ತಿಗೇ ಕೈ ಮುಗಿಯೋಣ. ಸುಮ್ನೆ ಬಂದು ಜಗಳ ಆಡೋಕೆ ನಂಗೂ ಸಾಕಾಗಿದೆ."

"ದೋಣಿ ನಡೆಸೋನು ನಾನಲ್ಲ, ಈಗಲೇ ಹೇಳಿದೀನಿ," ಎಂದ ಡ್ರೈವರ್. "ಆಟದಲ್ಲೂ ಸ್ಟೀರಿಂಗ್ ನಂಗೇ ಅಂದ್ರೆ ಎದ್ದು ಹೋಗ್ತೀನಿ."

ಅದೇ ಅವನ ಒಪ್ಪಿಗೆಯೆಂದಾಯಿತು. ಮಿಷನ್ ಮಾವ ಕಳ್ಳನ ಪಾತ್ರ ಆರಿಸಿಕೊಂಡರು. ಅಂಟಕ್ಕ ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತ, ಹನ್ನೊಂದು ಭಾನುವಾರ ಎಂದರೆ ಎಷ್ಟು ತಿಂಗಳಾಯಿತು ಎಂದು ಬೆರಳು ಮಡಿಸಿ ಎಣಿಸಿದಳು. ಎರಡೂವರೆ ತಿಂಗಳು. ಹೊಟ್ಟೆಗೆ ಹಾಲು ಎರೆದ ಹಾಗಾಯಿತು.

ಹೊರಡುವಾಗ ಮೇಷ್ಟ್ರು ಕಥೆಪುಸ್ತಕವನ್ನು ಅವಳ ಕೈಗಿಟ್ಟರು. "ಬೆನ್ನು ಸ್ವಲ್ಪ ಬಿಟ್ಟಿದೆ ನೋಡು. ಸರಿ ಮಾಡಿಡು. ಮುಂದಿನ ವಾರ ಶುರು ಮಾಡೋಣ." ಪೆಟ್ಟಿಗೆಯನ್ನೂ ನಿಯಮದ ಹಾಳೆಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಕೆಲಸ ಎಂದು ಒಂದು ಪುಸ್ತಕ ಕೈಗೆ ಬಂದು ಎಷ್ಟು ತಿಂಗಳಾಗಿತ್ತೋ. ಸೋಮವಾರ ಬೆಳಿಗ್ಗೆ ಅಂಟಕ್ಕ ಮೇಜು ಒರೆಸಿ, ದಾರಕ್ಕೆ ಮೇಣ ತೀಡಿ ಕೂತಳು. ಬೆನ್ನು ಬಿಚ್ಚಿ ಹೊಸದಾಗಿ ಹೊಲಿದಳು. ರಟ್ಟು ಗಟ್ಟಿಯಾಗಲೆಂದು ಅದರ ಒಳಬದಿಗೆ ದಪ್ಪ ಕಾಗದ ಅಂಟಿಸಿದಳು. ಅಲ್ಲಿ ಕೆಂಪು ಅಕ್ಷರದಲ್ಲಿ ಏನೋ ಅಚ್ಚಾಗಿತ್ತು. ಏನಿದ್ದರೆ ಅವಳಿಗೇನು, ಮುಚ್ಚಿಹೋಯಿತು. ಆಮೇಲೆ ಹಾಳೆ ತಿರುವಿದರೆ, ನೋಡುತ್ತಾಳೆ, ಹನ್ನೊಂದು ಕಡೆ ಪುಟಗಳ ಅಂಚೇ ಕತ್ತರಿಸಿಲ್ಲ! ಮಡಿಸಿದ ಹಾಳೆ ಅಂಚಿನಲ್ಲಿ ಕೂಡಿಕೊಂಡೇ, ಒಳಗಿನದು ಕಾಣದ ಹಾಗೆ, ಮಡಿಕೆ ಮಡಿಕೆಯಾಗಿಯೇ ಉಳಿದಿವೆ.

"ಥೂ, ಯಾವ ಸೋಮಾರಿ ಮುಂಡೇದು ಇದನ್ನ ಕಟ್ಟಿದ್ದು," ಎಂದು ಬೈದಳು. ಮೇಷ್ಟ್ರ ಅಳಿಯನ ಮಾನ ಉಳಿಯಲಿ ಎಂದು ಹನ್ನೊಂದನ್ನೂ ಚಾಕುವಿನಿಂದ ನೀಟಾಗಿ ಬಿಡಿಸಿದಳು. ಅಂಚಿಗೆ ಮರಳುಕಾಗದ ಉಜ್ಜಿ ನುಣ್ಣಗೆ ಮಾಡಿದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ರಟ್ಟೊಂದನ್ನು ತೆಗೆದುಕೊಂಡಳು. ಪುಟ ಪೂರ್ತಿ ಮುಚ್ಚುವಷ್ಟು ದೊಡ್ಡದು ಅದು, ಮೂಲೆಯಲ್ಲಿ ಪುಟದ ಅಂಕಿ ಕಾಣುವಷ್ಟೇ ಒಂದು ಕಿಂಡಿ. ಅದನ್ನು ಪುಟದಿಂದ ಪುಟಕ್ಕೆ ಸರಿಸುತ್ತ ಅಂಕಿಗಳು ಸಾಲಾಗಿವೆ ಎಂದು ಖಾತ್ರಿ ಮಾಡಿಕೊಂಡು, ಭಾರ ಹೇರಿಟ್ಟಳು. ಅವಳಿಗೆ ಅವಳ ಕೆಲಸದ ಮೇಲೆ ಆ ವಾರವಿಡೀ ಹೆಮ್ಮೆ.

ಭಾನುವಾರ ಮೂರಕ್ಕೆ ಐದು ನಿಮಿಷ ಮೊದಲೇ ಮೂವರೂ ಬಂದಿದ್ದರು. ಡ್ರೈವರ್ ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ನಿಯಮದ ಹಾಳೆ ಓದತೊಡಗಿದರು. ದಾಳ ಯಾರು ಮೊದಲು ಹಾಕಬೇಕು, ಸ್ಟಿಕ್ಕರು ಯಾವಾಗ ಅಂಟಿಸಬೇಕು, ಎಲ್ಲ ಆಯಿತು.

"ಇನ್ನು ಮುಖ್ಯವಾದದ್ದು. 'ಪುಸ್ತಕದಲ್ಲಿ ಅಂಚು ಮುಚ್ಚಿದ ಹನ್ನೊಂದು ಮಡಿಕೆಗಳಿವೆ. ಇವೇ ನೀವು ಹೊತ್ತೊಯ್ಯುವ ಕಾಗದಗಳು. ಆಯಾ ಊರು ತಲುಪುವ ಮೊದಲು ಯಾವುದನ್ನೂ ಬಿಡಿಸಬಾರದು. ಮೊದಲೇ ಒಳಗಿನದು ತಿಳಿದರೆ ಆಟ ಅಲ್ಲಿಗೆ ಮುಗಿಯಿತು.'"

ಅಂಟಕ್ಕ ಮೇಜಿನ ಮೇಲಿದ್ದ ಪುಸ್ತಕವನ್ನು ಕೈಯಿಂದ ಮುಚ್ಚಿ ಹಿಡಿದಳು.

"ಏನಾಯ್ತು ಅಕ್ಕ?" ಎಂದ ಡ್ರೈವರ್.

ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ಬಿಡಿಸ್ಬಿಟ್ಟೆ," ಎಂದಳು. "ಎಲ್ಲಾನೂ ಬಿಡಿಸ್ಬಿಟ್ಟೆ. ಕತ್ತರಿಸೋಕೆ ಮರ್ತಿದಾರೆ ಅಂದ್ಕೊಂಡೆ. ಅಂಚಿಗೆ ಮರಳುಕಾಗದನೂ ಹಾಕಿದೀನಿ."

ಮೇಷ್ಟ್ರು ಪುಸ್ತಕ ಕಿತ್ತುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. ಮುಖ ಕೆಂಪಾಯಿತು. "ರಟ್ಟಿನ ಒಳಗಡೆ ಕೆಂಪಕ್ಷರದಲ್ಲಿ ಅಷ್ಟು ದೊಡ್ಡದಾಗಿ ಬರೆದಿತ್ತಲ್ಲ!"

"ಅದರ ಮೇಲೆ ಕಾಗದ ಅಂಟಿಸಿದೆ."

ಮಿಷನ್ ಮಾವನಿಗೆ ನಗು ತಡೆಯಲಾಗಲಿಲ್ಲ. "ಭೇಷ್! ಓದಬೇಕಾದ್ದನ್ನ ಮುಚ್ಚಿ, ಮುಚ್ಚಬೇಕಾದ್ದನ್ನ ತೆಗೆದಿದೀಯಲ್ಲಮ್ಮ."

ಮೇಷ್ಟ್ರು ನಗಲಿಲ್ಲ. "ತಮಾಷೆ ಬೇಡ ಮಾವ. ಐವತ್ತರಲ್ಲಿ ಒಂದು ಇದು, ಇನ್ನೊಂದು ಕೇಳೋಕಾಗಲ್ಲ." ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು. "ನಿಜ ಹೇಳು. ಎಷ್ಟು ಓದಿದೆ?"

"ಒಂದಕ್ಷರನೂ ಇಲ್ಲ."

"ವಾರ ಪೂರ್ತಿ ನಿನ್ ಹತ್ರ ಇತ್ತು. ಬಿಚ್ಚಿದ ಕಾಗದ ಕಣ್ಣೆದುರಿಗೆ ಇತ್ತು. ಒಂದಕ್ಷರ ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಅಂಟಕ್ಕನ ಕಣ್ಣು ತುಂಬಿ ಬಂತು. ಮೂವರೂ ಎದ್ದು ಚಪ್ಪಲಿ ಮೆಟ್ಟುವುದು, ಖಾಲಿ ಕುರ್ಚಿಗಳು, ಮುಂದಿನ ಭಾನುವಾರ ಮೂರು ಗಂಟೆ, ಎಲ್ಲ ಅವಳ ಕಣ್ಣಿಗೆ ಕಟ್ಟಿದ ಹಾಗಾಯಿತು. ಕೈಯಾರೆ ಹಾಳು ಮಾಡಿಕೊಂಡೆನಲ್ಲ ಎಂದು ಒಳಗೇ ಶಪಿಸಿಕೊಂಡಳು.

ಮಿಷನ್ ಮಾವ ನಗು ನಿಲ್ಲಿಸಿದ್ದರು. ಗೋಡೆಯ ಕಡೆ ಕೈ ತೋರಿಸಿದರು. "ಮೇಷ್ಟ್ರೇ, ಆ ರಟ್ಟು ಏನು ಗೊತ್ತಾ ನಿಮಗೆ?"

"ಯಾವ ರಟ್ಟು?"

"ಕಿಂಡಿ ಇರೋದು. ಹನ್ನೆರಡು ವರ್ಷದ ಹಿಂದೆ ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ ಪ್ರಶ್ನೆಪತ್ರಿಕೆ ನಮ್ಮಲ್ಲಿ ಅಚ್ಚಾಯ್ತಲ್ಲ, ನೆನಪಿದೆಯಾ?"

"ನೆನಪಿಲ್ದೆ ಏನು? ಪ್ರೂಫ್ ನೋಡಿದವನೇ ನಾನು."

"ಆ ವರ್ಷ ಇವಳ ಮಗಳು ಅದೇ ಪರೀಕ್ಷೆ ಬರೀತಿದ್ಲು."

"ಬೇಡ ಮಾವ," ಎಂದಳು ಅಂಟಕ್ಕ.

"ಸುಮ್ನಿರಮ್ಮ. ಮನೇಲಿ ಪರೀಕ್ಷೆ ಬರೆಯೋರಿದ್ರೆ ಕೈ ಎತ್ತಿ, ಅವ್ರಿಗೆ ಈ ಕೆಲಸ ಬೇಡ ಅಂದ್ರು ಯಜಮಾನರು. ಇವಳು ಎತ್ತಿದ್ಲು. ಇನ್ನೊಬ್ಬ ಬೈಂಡರ್ ಕೈ ಮುರ್ಕೊಂಡು ಮನೇಲಿದ್ದ. ಯಜಮಾನರು, 'ನೀನು ನೋಡಲ್ಲ ಅಂತ ನಂಗೊತ್ತು, ಕೂತ್ಕೋ' ಅಂದ್ರು. ಇವಳು ಆ ರಟ್ಟು ಕತ್ತರಿಸ್ಕೊಂಡ್ಲು. ಕಾಗದ ಎಲ್ಲ ತಲೆಕೆಳಗು ಮಾಡಿ ಇಟ್ಕೊಂಡು, ಕಿಂಡೀಲಿ ನಂಬರ್ ಮಾತ್ರ ನೋಡ್ತಾ ನಾನೂರು ಪ್ರತಿ ಹೊಲಿದ್ಲು. ನಾನು ಪಕ್ಕದಲ್ಲೇ ಇದ್ದೆ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅಂತಾರಲ್ಲ, ಅದು ಇವಳೇ." ಮಾವ ಉಸಿರೆಳೆದುಕೊಂಡರು. "ಮಗಳು ನಾಲ್ಕು ಮಾರ್ಕಿಗೆ ಫೇಲ್ ಆದ್ಲು."

ನಾಲ್ಕು ಮಾರ್ಕಿನ ಸಂಗತಿ ಅಷ್ಟಕ್ಕೇ ಮುಗಿದಿರಲಿಲ್ಲ. ಅಮ್ಮನೇ ಆ ಪತ್ರಿಕೆ ಹೊಲಿದದ್ದು ಎಂದು ಗೊತ್ತಾದ ದಿನ ಮಗಳು ಅತ್ತು ಕೇಳಿದ್ದಳು: "ಒಂದ್ಸಲ ಕಣ್ಣು ಹಾಯಿಸಿದ್ರೆ ನಿನ್ ಗಂಟೇನು ಹೋಗ್ತಿತ್ತಮ್ಮ?" ಎರಡು ತಿಂಗಳು ಮಾತು ಬಿಟ್ಟಿದ್ದಳು. ಮರುವರ್ಷ ಪಾಸಾದಳು, ಕೆಲಸವೂ ಸಿಕ್ಕಿತು. ಆದರೆ ಆ ಪ್ರಶ್ನೆಯನ್ನು ತಾಯಿ ಮಗಳು ಇಬ್ಬರೂ ಮತ್ತೆ ಎತ್ತಿರಲಿಲ್ಲ. ಇದನ್ನೆಲ್ಲ ಅಂಟಕ್ಕ ಯಾರಿಗೂ ಹೇಳಿದವಳಲ್ಲ, ಅವತ್ತೂ ಹೇಳಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಒಂದು ಮಾತು ಹೇಳ್ತೀನಿ, ಯಾರೂ ನಗಬಾರದು," ಎಂದರು. "ಬೆನ್ನು ಬಿಟ್ಟಿತ್ತು ಅಂದಿದ್ದು ನೆಪ. ಪುಸ್ತಕ ನನ್ನ ಮನೇಲಿದ್ರೆ ನಾನು ಇಣುಕದೆ ಇರಲ್ಲ. ಆಗಲೇ ಮೂರನೇ ಮಡಿಕೆಯನ್ನ ಬಲ್ಬಿಗೆ ಹಿಡಿದು ನೋಡಿದ್ದೆ. ಏನೂ ಕಾಣಿಸ್ಲಿಲ್ಲ ಅನ್ನಿ. ಅದಕ್ಕೇ ನಿನ್ ಕೈಗೆ ಕೊಟ್ಟೆ. ನೀನು ನೋಡಲ್ಲ ಅಂತ ಗೊತ್ತಿದ್ದೇ ಕೊಟ್ಟು, ಈಗ ನೋಡಿದ್ಯಾ ಅಂತ ಕೇಳಿದೆನಲ್ಲ, ನನ್ನ ಬುದ್ಧಿಗಿಷ್ಟು. ತಪ್ಪಾಯ್ತಮ್ಮ."

ಯಾರೂ ನಗಬಾರದು ಎಂದರೆ ಮಿಷನ್ ಮಾವ ಕೇಳುತ್ತಾರೆಯೇ? ಅವರ ನಗುವಿಗೆ ಎದುರು ಮನೆಯ ಕಿಟಕಿ ಮತ್ತೆ ತೆರೆಯಿತು. ಮೂವತ್ತು ವರ್ಷ ಜೊತೆಗಿದ್ದೂ ಮೇಷ್ಟ್ರು "ತಪ್ಪಾಯ್ತು" ಎಂದದ್ದನ್ನು ಅವರು ಕೇಳಿರಲಿಲ್ಲವಂತೆ. ಡ್ರೈವರ್ ಎದ್ದು, "ಅಕ್ಕ, ಅಂಟು ಕುದಿಸೋದು ಹೇಗೆ ಹೇಳಿ, ನಾನು ಮಾಡ್ತೀನಿ," ಎಂದ. ಅಂಟಕ್ಕ ಕಣ್ಣೊರೆಸಿಕೊಂಡು, "ಗಂಟು ಕಟ್ಟದ ಹಾಗೆ ತಿರುಗಿಸ್ತಾ ಇರು," ಎಂದಳು.

ಆ ಮಧ್ಯಾಹ್ನ ಆಟ ಆಡಲಿಲ್ಲ. ಹನ್ನೊಂದು ಮಡಿಕೆಗಳನ್ನೂ ಮತ್ತೆ ಮುಚ್ಚುವ ಕೆಲಸ ನಡೆಯಿತು. ಅಂಟಕ್ಕ ಪುಟಗಳ ಮೇಲೆ ಕಿಂಡಿ ರಟ್ಟು ಇಟ್ಟು, ಅಂಚಿಗಷ್ಟೇ ಕೂದಲೆಳೆಯಷ್ಟು ಅಂಟು ಸವರುವಳು. ಮಿಷನ್ ಮಾವ ಮುಖ ಬೇರೆ ಕಡೆ ಮಾಡಿ ಅದುಮಿ ಹಿಡಿಯುವರು. ಮೇಷ್ಟ್ರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. "ನನ್ನ ನಂಬಬೇಡಿ, ಮುಗಿಯೋ ತನಕ ಕರೀಬೇಡಿ," ಎಂದು ಅವರದೇ ಆಜ್ಞೆ. ಅಲ್ಲೂ ಸುಮ್ಮನಿರಲಾಗದೆ ಗೋಡೆಯ ಕ್ಯಾಲೆಂಡರನ್ನು ಓದಿ ಎರಡು ತಪ್ಪು ಹಿಡಿದರು.

ಮುಂದಿನ ಭಾನುವಾರದ ತನಕ ಪುಸ್ತಕ ಭಾರದ ಕೆಳಗೆ ಅವಳ ಮೇಜಿನ ಮೇಲೇ ಇತ್ತು. ಎರಡೂವರೆಯಿಂದಲೇ ಅಂಟಕ್ಕ ಬಾಗಿಲಲ್ಲಿ ನಿಂತಿದ್ದಳು. ಮೊದಲು ಮಿಷನ್ ಮಾವನ ದನಿ ಬೀದಿಯ ತುದಿಯಲ್ಲಿ ಕೇಳಿತು, ಆಮೇಲೆ ಮಾವ ಬಂದರು, ಹಿಂದೆಯೇ ಉಳಿದಿಬ್ಬರು. ಮೂವರ ಚಪ್ಪಲಿಗಳನ್ನೂ ಅವಳೇ ಬಗ್ಗಿ ಸಾಲಾಗಿ ಜೋಡಿಸಿದಳು, ಸುಮ್ಮನೆ, ಸಂತೋಷಕ್ಕೆ.

ದೋಣಿ ಹೊರಟಿತು. ಎರಡು ಕವಲು ಬಂದಾಗ ಅರ್ಧ ಗಂಟೆ ವಾದ ನಡೆಯಿತು. ಆದರೆ ಇದು ಯಜಮಾನರ ಜಗಳವಲ್ಲ, ನದಿಯ ಜಗಳ. ಕಳ್ಳ ಮಾವ ಎಡಕ್ಕೆ ಎಂದರು, ನಕ್ಷೆ ಹಿಡಿದ ಡ್ರೈವರ್ ಬಲಕ್ಕೆ ಎಂದ. ದಾಳದಲ್ಲಿ ಆರು ಬಿತ್ತು. ಮೊದಲ ಊರು ಬಂತು, ಮೊದಲ ಕಾಗದ ಒಡೆಯಬೇಕು. ಓದುಗನ ಜಾಗ ಮೇಷ್ಟ್ರದು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೇಷ್ಟ್ರು ಪುಸ್ತಕವನ್ನು ಅವಳ ಮುಂದೆ ತಳ್ಳಿದರು.

"ಬಿಡಿಸು. ನೀನೇ ಓದು."

"ನಂಗೆ ಓದಿ ಅಭ್ಯಾಸ ಇಲ್ಲ ಮೇಷ್ಟ್ರೇ. ನೀವು ತಿದ್ತೀರ, ನಾನು ಹೆದರ್ತೀನಿ."

"ತಿದ್ದಲ್ಲ, ಓದು."

ಅಂಟಕ್ಕ ಚಾಕುವಿನಿಂದ ಅಂಚು ಬಿಡಿಸಿದಳು. ಕೈ ತಾನಾಗಿಯೇ ಕಿಂಡಿ ರಟ್ಟಿಗೆ ಹೋಯಿತು. ಡ್ರೈವರ್ ಅದನ್ನು ಮೆತ್ತಗೆ ತೆಗೆದು ಮೊಳೆಗೆ ಹಾಕಿದ. ಬೆತ್ತಲೆ ಪುಟ, ಅಕ್ಷರಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಬೆರಳಿಟ್ಟು ಶುರುಮಾಡಿದಳು. "ತಂಗಿ, ನಾನು ಬರುವುದು ತಡವಾದರೆ ಬಾಗಿಲಿಗೆ ಚಿಲಕ ಹಾಕಬೇಡ..." ಒಂದು ಕಡೆ ತಡವರಿಸಿದಳು, ಒಂದು ಕಡೆ ಒಂದಿಡೀ ಸಾಲನ್ನೇ ಹಾರಿಸಿದಳು. ಸಾಲು ಹಾರಿದ್ದು ಮೇಷ್ಟ್ರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು, ತುಟಿ ಕಚ್ಚಿ ಹಿಡಿದರು. ಪೆನ್ಸಿಲು ಕಿವಿಯ ಮೇಲೆ ಇದ್ದಲ್ಲೇ ಇತ್ತು. ಕಥೆಯೊಳಗೆ, ಅಣ್ಣನ ಕಾಗದ ಹೊತ್ತು ನಾಲ್ವರೂ ತಂಗಿಯ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದರು. ಒಳಗಿಂದ ಚಿಲಕ ಸರಿಯುವ ಸದ್ದು. ಆ ಊರಿನ ಕಥೆ ಅಲ್ಲಿಗೆ ನಿಂತಿತು. ಬಾಗಿಲು ತೆರೆದವರು ಯಾರೆಂಬುದು ಎರಡನೇ ಮಡಿಕೆಯೊಳಗಿತ್ತು.

"ನೀವು ನಂಬಿದ್ರಲ್ಲ," ಎಂದಳು ಅಂಟಕ್ಕ ಪುಸ್ತಕ ಮುಚ್ಚಿ. "ನಂಗೆ ಅಷ್ಟು ಸಾಕು. ಆ ಉಪಕಾರ ಮರೆಯಲ್ಲ."

"ಉಪಕಾರ ಆಮೇಲೆ, ಚಹಾ ಎಲ್ಲಮ್ಮ?" ಎಂದರು ಮಿಷನ್ ಮಾವ.

ಅವರೆಲ್ಲ ಹೋದ ಮೇಲೆ, ಆರಕ್ಕೆ, ಫೋನು ಬಂತು. "ಏನಮ್ಮ ವಿಶೇಷ?"

ಅವತ್ತು ಅಂಟಕ್ಕ ಏನಿಲ್ಲ ಎನ್ನಲಿಲ್ಲ. ಕಾಲು ಗಂಟೆ ಒಂದೇ ಸಮನೆ ಹೇಳಿದಳು. ಕತ್ತರಿಸಿದ್ದು, ಬೈಸಿಕೊಂಡದ್ದು, ಮತ್ತೆ ಅಂಟಿಸಿದ್ದು, ದೋಣಿ, ತಂಗಿಗೆ ಬರೆದ ಕಾಗದ. ಮಿಷನ್ ಮಾವ ಹೇಳಿದ ಪರೀಕ್ಷೆಯ ವಿಷಯ ಒಂದನ್ನು ಬಿಟ್ಟಳು.

"ಆಮೇಲೆ? ಬಾಗಿಲು ತೆಗೆದೋರು ಯಾರು?" ಎಂದಳು ಮಗಳು.

"ಯಾರಿಗ್ಗೊತ್ತು? ಅದು ಎರಡನೇ ಕಾಗದದಲ್ಲಿದೆ."

"ಪುಸ್ತಕ ಎಲ್ಲಿದೆ ಈಗ?"

"ಇಲ್ಲೇ, ನನ್ನ ಮುಂದೆ. ಚಾಕೂ ಇಲ್ಲೇ ಇದೆ."

ಹನ್ನೆರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಆ ಪ್ರಶ್ನೆ ಈಗ ಬಂದೇ ಬರುತ್ತದೆ ಎಂದು ಅಂಟಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನೋಡ್ಬೇಡಮ್ಮ," ಎಂದಳು ಮಗಳು. "ಮುಂದಿನ ಭಾನುವಾರ ಓದಿದ್ಮೇಲೆ ಹೇಳು. ನಾನೂ ಕಾಯ್ತೀನಿ."